ವಿಶ್ವವಿದ್ಯಾನಿಲಯಕ್ಕೂ ನೀರು ಬೇಕು

ಬಿತ್ತಿದ ಮೇಲೆ ನೀರು ಹಾಯಿಸದಿದ್ದರೆ ಪೈರು ಒಣಗುತ್ತದೆ. ಇದು ರೈತ ಬಾಂಧವರಿಗೆ ಹೇಳಬೇಕಾದ ಮಾತಲ್ಲ. ಚಾಮರಾಜನಗರ ವಿಶ್ವವಿದ್ಯಾನಿಲಯದ್ದೂ ಅದೇ ಪಾಡು.

2022ರಲ್ಲಿ ವಿಧಾನಮಂಡಲ ಕಾಯಿದೆ ತಿದ್ದಿ ಏಳು ಹೊಸ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಗೆಯಿತ್ತಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೇ ಹೊಸ ಹೆಸರು ಪಡೆಯಿತು. ಆರಂಭಕ್ಕೆಂದು ಗೊತ್ತುಮಾಡಿದ ಹಣ ತಲಾ 2 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹಣವೂ ಸೌಕರ್ಯವೂ ಸಾಲದೆಂದು, ಇದೂ ಸೇರಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು.

ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬೇಕಾದ ಹೆಣ್ಣುಮಕ್ಕಳಿಗೆ ಹತ್ತಿರದ ತರಗತಿಯೇ ಓದು. ಫಲಕದ ಮೇಲೆ ಯಾವ ಹೆಸರಿದ್ದರೂ ಪಾಠ ಹೇಳುವವರಿರಬೇಕು. ಆದ್ದರಿಂದ ಮುಂಗಡಪತ್ರ ಮಂಡನೆಗೆ ಮೊದಲೇ ನಿಮ್ಮ ಶಾಸಕರಿಗೆ ಮನವಿ ಬರೆಯಿರಿ. ಕಾಯಂ ಅಧ್ಯಾಪಕರ ಹುದ್ದೆ ಎಷ್ಟು, ಅದಕ್ಕೆ ಹಣವೆಷ್ಟು ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.