ಕೊಕ್ಕೆ ನೆಲ ಮುಟ್ಟೋವರೆಗೂ ಕೈ ಚಾಚಬೇಡಿ!

2022ರ ಫೆಬ್ರುವರಿ 20, ಭಾನುವಾರ. ನಂದಿಬೆಟ್ಟದಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಕ್ಕೆ ಜಾರಿ ಬಂಡೆಯ ಮೇಲೆ ಸಿಕ್ಕಿಕೊಂಡ. ಯಲಹಂಕದಿಂದ ವಾಯುಪಡೆಯ ಮಿ-17 ಹೆಲಿಕಾಪ್ಟರ್ ಬಂತು. ಇಳಿಯೋಕೆ ಜಾಗವೇ ಇರಲಿಲ್ಲ. ಹೆಲಿಕಾಪ್ಟರನ್ನು ಗಾಳಿಯಲ್ಲೇ ನಿಲ್ಲಿಸಿ, ಸಿಬ್ಬಂದಿಯೊಬ್ಬರನ್ನು ಉಕ್ಕಿನ ಹಗ್ಗದಲ್ಲಿ ಕೆಳಗಿಳಿಸಿ, ಹುಡುಗನನ್ನು ಮೇಲಕ್ಕೆ ಎಳೆದುಕೊಂಡರು.

ಆ ಹಗ್ಗವನ್ನು ಸುತ್ತುವ, ಬಿಚ್ಚುವ ಯಂತ್ರವೇ ವಿಂಚ್. ಹಗ್ಗ ನಮ್ಮ ಕಿರುಬೆರಳಿಗಿಂತಲೂ ತೆಳು. ಆದರೂ ಇಬ್ಬರನ್ನು ಒಟ್ಟಿಗೆ ಎತ್ತಬಲ್ಲದು.

ತಮಾಷೆ ಅಂದ್ರೆ, ಪೈಲಟ್‌ಗೆ ನೇರ ಕೆಳಗೆ ಏನಿದೆ ಅಂತ ಕಾಣೋದೇ ಇಲ್ಲ. ಬಾಗಿಲಲ್ಲಿ ಬಗ್ಗಿ ನೋಡುವ ವಿಂಚ್ ಆಪರೇಟರ್ 'ಸ್ವಲ್ಪ ಮುಂದೆ, ಬಲಕ್ಕೆ, ಹಾಗೇ ಇರಿ' ಅಂತ ಹೇಳುತ್ತಲೇ ಇರಬೇಕು. ಆ ಮಾತೇ ಪೈಲಟ್‌ನ ಕಣ್ಣು.

ಈ ಕೆಲಸದಲ್ಲಿ ಕೆಳಗಿರುವವರ ಪಾಲೂ ಇದೆ. ವೀಕೆಂಡ್ ಬಂದ್ರೆ ಬೆಟ್ಟ ಹತ್ತುವ ನಮಗೆ ಇದು ಗೊತ್ತಿರಲಿ:

ಕೊಕ್ಕೆ ಹಿಡಿಯಬೇಡಿ. ಹಾರುವ ಹೆಲಿಕಾಪ್ಟರ್‌ನಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡಿರುತ್ತದೆ. ಕೊಕ್ಕೆ ಮೊದಲು ನೆಲವನ್ನೋ ನೀರನ್ನೋ ಮುಟ್ಟಬೇಕು. ಇಲ್ಲದಿದ್ದರೆ ಶಾಕ್ ನಿಮಗೇ!

ಎಲ್ಲಿಗೂ ಕಟ್ಟಬೇಡಿ. ಹಗ್ಗ ಮರಕ್ಕೋ ಬಂಡೆಗೋ ಸಿಕ್ಕಿದರೆ ಇಡೀ ಹೆಲಿಕಾಪ್ಟರ್‌ಗೇ ಅಪಾಯ. ಅಂಥ ಹೊತ್ತಲ್ಲಿ ಹಗ್ಗವನ್ನೇ ಕತ್ತರಿಸಿಬಿಡುವ ವ್ಯವಸ್ಥೆ ಸಿಬ್ಬಂದಿಯ ಕೈಯಲ್ಲಿರುತ್ತದೆ.

ಕೈ ಎತ್ತಬೇಡಿ. ಕಂಕುಳ ಕೆಳಗೆ ಪಟ್ಟಿ ಹಾಕಿ ಎತ್ತುವಾಗ ತೋಳು ಮೇಲೆತ್ತಿದರೆ ಪಟ್ಟಿಯಿಂದ ಜಾರಿಬಿಡುತ್ತೀರಿ. ಒಳಗೆ ಎಳೆದುಕೊಳ್ಳುವವರೆಗೂ ತೋಳು ಕೆಳಗೇ ಇರಲಿ. ಬಾಗಿಲು ಬಂತು ಅಂತ ನೀವಾಗೇ ಹಿಡಿಯೋಕೆ ಹೋಗಬೇಡಿ.

ಸಾಮಾನು ಭದ್ರವಾಗಿರಲಿ. ರೆಕ್ಕೆಯ ಗಾಳಿಗೆ ಟೋಪಿ, ಟಾರ್ಪಲ್, ಟೆಂಟ್ ಹಾರಿ ರೆಕ್ಕೆಗೇ ಸಿಕ್ಕಬಹುದು. ಕೂತು, ಕಣ್ಣು ಮುಚ್ಚಿಕೊಳ್ಳಿ.

ಈ ಗಾಳಿ ಎಷ್ಟು ಪೊಗರಿನದು ಅಂದ್ರೆ, 2019ರಲ್ಲಿ ಅಮೆರಿಕದ ಫೀನಿಕ್ಸ್‌ನ ಬೆಟ್ಟವೊಂದರಲ್ಲಿ ವೃದ್ಧೆಯೊಬ್ಬರನ್ನು ಎತ್ತುವಾಗ ಸ್ಟ್ರೆಚರ್ ಬುಗುರಿಯಂತೆ ಗಿರ್ರನೆ ತಿರುಗಿತ್ತು. ಅದು ತಿರುಗದಂತೆ ಕೆಳಗಿನಿಂದ ಹಿಡಿಯುವ ಇನ್ನೊಂದು ಹಗ್ಗ ತುಂಡಾಗಿತ್ತು. ವಿಡಿಯೊ ನೋಡಿ ಜಗತ್ತು ನಕ್ಕಿತು. ಒಳಗಿದ್ದ ಆಕೆಗೆ ಹೇಗಾಗಿರಬೇಡ?

ಕೊನೇ ಮಾತು. ಹೆಲಿಕಾಪ್ಟರ್ ಕಂಡಾಗ ಸಹಾಯ ಬೇಕಿದ್ದರೆ ಎರಡೂ ಕೈಗಳನ್ನು ಇಂಗ್ಲಿಷಿನ 'ವೈ' ಆಕಾರದಲ್ಲಿ ಎತ್ತಿ ನಿಲ್ಲಿ. ಸುಮ್ಮನೆ ಟಾಟಾ ಮಾಡಿದರೆ ಅವರೂ ಟಾಟಾ ಮಾಡಿ ಹೋಗಬಹುದು. ಇದಕ್ಕೂ ಮೊದಲು 112ಕ್ಕೆ ಕರೆ ಮಾಡೋಕೆ ಫೋನ್‌ನಲ್ಲಿ ಚಾರ್ಜ್ ಇರಬೇಕು. ಬೆಟ್ಟದ ತುದಿಯಲ್ಲಿ ರೀಲ್ಸ್ ಮಾಡುವಾಗ ಇದೊಂದು ನೆನಪಿರಲಿ.