ಕಡ್ಡಿಕಸಕ್ಕೆ ಬೆಂಕಿಯಿಡುವ ಮುನ್ನ

ಅಡಿಕೆ ಬೆಳೆಗಾರರಾದ ನಮಗೆ ಶಿಲೀಂಧ್ರವೆಂದೊಡನೆ ನೆನಪಾಗುವುದು ಅಣಬೆ ರೋಗ. ಆ ರೋಗ ತರುವ ಗ್ಯಾನೋಡರ್ಮವು ಸಸ್ಯದ ಅತಿ ಗಟ್ಟಿ ಅಂಶವಾದ ಲಿಗ್ನಿನ್ನನ್ನೂ ಕರಗಿಸಬಲ್ಲದು. ತೋಟಕ್ಕೆ ಮಾರಕವಾದ ಈ ಶಕ್ತಿಯೇ ಒಣ ಕಸದ ವಿಷಯದಲ್ಲಿ ಉಪಕಾರಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸುಗ್ಗಿಯ ನಂತರ ಮೆಕ್ಕೆಜೋಳದ ದಿಂಡು, ಹತ್ತಿ ಕಟ್ಟಿಗೆ, ಶೇಂಗಾ ಸಿಪ್ಪೆ ಉಳಿಯುತ್ತವೆ. ಕೊಳವೆಬಾವಿ ತೋಟಗಳಲ್ಲಿ ಅಡಿಕೆ ಸಿಪ್ಪೆ. ಇವೆಲ್ಲದರಲ್ಲಿ ಸೆಲ್ಯುಲೋಸ್ ಇದೆ. ಸೆಲ್ಯುಲೋಸ್ ಎಂದರೆ ಸಕ್ಕರೆಯ ಸರಪಳಿ. ಅದನ್ನು ಕಡಿದರೆ ಸಕ್ಕರೆ, ಸಕ್ಕರೆಗೆ ಯೀಸ್ಟ್ ಸೇರಿಸಿ ಹುದುಗು ಬರಿಸಿದರೆ ಎಥನಾಲ್. ಯೀಸ್ಟ್ ಕೂಡ ಶಿಲೀಂಧ್ರವೇ.

ಸರಪಳಿ ಕಡಿಯುವ ಕಿಣ್ವಗಳನ್ನು ಕೊಡುವುದು ಟ್ರೈಕೋಡರ್ಮ ರೀಸಿ. ಬೇವಿನ ಹಿಂಡಿಯೊಡನೆ ನಾವು ಬುಡಕ್ಕೆ ಹಾಕುವ ಟ್ರೈಕೋಡರ್ಮದ ಬಳಗದ್ದೇ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆಯ ಡೇರೆಗಳನ್ನು ಕೊಳೆಸಿದ್ದು ಇದೇ. ವಿಜ್ಞಾನಿ ಎಲ್ವಿನ್ ರೀಸ್ ಅವರ ಗೌರವಾರ್ಥ 1977ರಲ್ಲಿ ಇದಕ್ಕೆ ಈ ಹೆಸರಾಯಿತು.

2022ರ ಆಗಸ್ಟ್ 10ರಂದು ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ಅದರ ಗುರಿ. ಎಂದರೆ ಟನ್ನಿಗೆ ಸುಮಾರು 150 ಲೀಟರ್. ಹರಪನಹಳ್ಳಿಯ ನೆರೆಯ ಹರಿಹರ ತಾಲ್ಲೂಕಿನಲ್ಲೂ ಇಂಥ ಘಟಕವನ್ನು ಎಂಆರ್‌ಪಿಎಲ್ ಯೋಜಿಸಿತ್ತು.

ಆದರೆ ತೊಡಕುಗಳಿವೆ. ಲಿಗ್ನಿನ್ ಕವಚ ತೆಗೆಯದೆ ಕಿಣ್ವ ಒಳಹೊಗದು. ಆ ಕೆಲಸಕ್ಕೆ ಶಿಲೀಂಧ್ರವನ್ನೇ ಬಿಟ್ಟರೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಅದು ಒಂದಷ್ಟು ಸಕ್ಕರೆಯನ್ನೂ ತಿಂದಿರುತ್ತದೆ. ಆದ್ದರಿಂದ ಕಾರ್ಖಾನೆಗಳು ಆವಿ ಮತ್ತು ಆಮ್ಲವನ್ನು ನೆಚ್ಚುತ್ತವೆ, ಖರ್ಚು ಏರುತ್ತದೆ. ಹಗುರವಾದ ಕಸವನ್ನು ದೂರ ಸಾಗಿಸುವ ಬಾಡಿಗೆ ಬೇರೆ.

ನಮ್ಮ ಅಭಿಪ್ರಾಯವಿಷ್ಟೆ: ಕಸದ ಮೇಲೆ ಮೊದಲ ಹಕ್ಕು ಜಾನುವಾರಿನದು, ಎರಡನೆಯದು ಮಣ್ಣಿನದು. ಮೇವಿನ ದಂಟನ್ನು ಯಾವ ಬೆಲೆಗೂ ಮಾರಬಾರದು. ದಿಂಡು, ಕಟ್ಟಿಗೆ, ಸಿಪ್ಪೆಗಳನ್ನು ಮಾರುವುದಾದರೆ ಮಳೆ ತಾಗದಂತೆ ಒಣಗಿಸಿಡಬೇಕು. ನೆನೆದ ರಾಶಿಯಲ್ಲಿ ಸಕ್ಕರೆ ನಷ್ಟವಾಗುತ್ತದೆ. ಬೆಲೆಯನ್ನು ಒಬ್ಬೊಬ್ಬರೇ ಕುದುರಿಸದೆ ಸಂಘದ ಮೂಲಕವೇ ಕುದುರಿಸುವುದು ಕ್ಷೇಮ.

ಕೊಳ್ಳುವವರು ಬರುವತನಕ ಅಡಿಕೆ ಸಿಪ್ಪೆ ಸುಡಬೇಕಾಗಿಲ್ಲ. ಅಡಿಕೆ ತೋಟದ ತ್ಯಾಜ್ಯದಲ್ಲಿ ಚಿಪ್ಪು ಅಣಬೆ ಬೆಳೆಯಬಹುದೆಂದು ಕಾಸರಗೋಡಿನ ಸಿಪಿಸಿಆರ್‌ಐ ತೋರಿಸಿದೆ. ಅಣಬೆ ಕೊಯ್ದ ಮೇಲೆ ಉಳಿದದ್ದು ಗೊಬ್ಬರ. ಬೆಂಕಿಯಿಟ್ಟರೆ ಉಳಿಯುವುದು ಬೂದಿ ಮಾತ್ರ. ಸದಸ್ಯ ಬಾಂಧವರು ಈ ಸುಗ್ಗಿಯಿಂದಲೇ ಇದನ್ನು ಯೋಚಿಸಬೇಕೆಂದು ಕೋರುತ್ತೇವೆ.