ಬ್ರೇಕು ಫೇಲಾಯಿತು: ಈ ವಾಕ್ಯದ ಕರ್ತೃ ಯಾರು?

ಅಪಘಾತದ ಸುದ್ದಿಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಾಕ್ಯವೊಂದಿದೆ: ‘ಬ್ರೇಕು ಫೇಲಾಯಿತು.’ ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ವ್ಯಾಕರಣವನ್ನು ಕಲಿಸಿದ ನನಗೆ ಈ ವಾಕ್ಯ ಬಹಳ ದಿನ ಯಾವ ತೊಂದರೆಯನ್ನೂ ಕೊಡಲಿಲ್ಲ. ಕರ್ತೃ ಬ್ರೇಕು, ಕ್ರಿಯೆ ಅಕರ್ಮಕ, ಮಳೆ ಬಂದಿತು, ಬೆಳಗಾಯಿತು ಎಂಬಂತೆ ತಾನಾಗಿ ನಡೆದು ಹೋದ ಸಂಗತಿ. ಆದರೆ ಕನ್ನಡದಲ್ಲಿ ‘ಕೆಟ್ಟಿತು’ ಎಂಬುದರ ಪಕ್ಕದಲ್ಲಿಯೇ ‘ಕೆಡಿಸಿದನು’ ಎಂಬ ಇನ್ನೊಂದು ಕ್ರಿಯಾಪದವೂ ಇದೆ. ಎರಡು ವರ್ಷಗಳ ಹಿಂದೆ, ಮುಂಗಾರು ಆಗಷ್ಟೇ ಹಿಡಿದಿದ್ದ ದಿನ, ಹಾನಗಲ್ಲಿನ ಹೊರಗಿನ ರಸ್ತೆಯೊಂದರಲ್ಲಿ ಈ ಎರಡು ಕ್ರಿಯಾಪದಗಳ ನಡುವಣ ಅಂತರ ನನಗೆ ಅರ್ಥವಾಯಿತು. ಆ ಪಾಠವನ್ನು ಶ್ರೋತೃಗಳ ಮುಂದಿಡುವುದೇ ಇಂದಿನ ಈ ಮಾತಿನ ಉದ್ದೇಶ.

ನಮ್ಮ ಹಾವೇರಿ ಜಿಲ್ಲೆಯ ಸಂತೆಗಳನ್ನು ಇಂದು ನಡೆಸುತ್ತಿರುವುದು ಚಕ್ಕಡಿಯಲ್ಲ, ಪಿಕಪ್ ಗಾಡಿ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಗೋವಿನಜೋಳ, ಇವೆಲ್ಲವೂ ಅದರ ಬೆನ್ನೇರಿಯೇ ಪೇಟೆ ಸೇರುತ್ತವೆ. ಶಿಗ್ಗಾಂವಿಯ ಹತ್ತಿರ ಅದು ಪುಣೆ–ಬೆಂಗಳೂರು ಹೆದ್ದಾರಿಗೆ ಏರುತ್ತದೆ. ಶಿರಸಿಯ ಕಡೆಗೆ ಹೊರಟರೆ ದೇವಿಮನೆ ಘಟ್ಟವನ್ನು ಇಳಿದು ಕುಮಟಾ ಮುಟ್ಟುತ್ತದೆ. ಹೀಗೆ ಒಂದೇ ದಿನದಲ್ಲಿ ಎರೆಮಣ್ಣಿನ ಕೆಸರು, ಜಲ್ಲಿಯ ಹಾದಿ, ಹೆದ್ದಾರಿಯ ವೇಗ, ಘಟ್ಟದ ಇಳಿಜಾರು ಇವೆಲ್ಲವನ್ನೂ ಕಾಣುವ ವಾಹನವಿದು. ಸರಕಿನ ಮೇಲೆ ಮನುಷ್ಯರೂ ಕುಳಿತಿರುತ್ತಾರೆ. ೨೦೨೫ರ ಜನವರಿ ೨೨ರ ನಸುಕಿನಲ್ಲಿ, ಹಣ್ಣು ತರಕಾರಿಗಳನ್ನು ಹೇರಿಕೊಂಡು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಆಚೆ ಅರಬೈಲು ಘಟ್ಟದಲ್ಲಿ ಕಮರಿಗೆ ಉರುಳಿ, ಹತ್ತು ಮಂದಿ ಪ್ರಾಣ ತೆತ್ತರು. ಮತ್ತೊಂದು ವಾಹನಕ್ಕೆ ದಾರಿ ಬಿಡಲು ಹೋದಾಗ ಹೀಗಾಯಿತೆಂದು ಪೋಲೀಸರು ತಿಳಿಸಿದರು. ಅದನ್ನು ನಾನು ಬ್ರೇಕಿನ ಲೆಕ್ಕಕ್ಕೆ ಬರೆಯುತ್ತಿಲ್ಲ. ಸರಕಿನ ಗಾಡಿಯೊಂದು ಹಿಡಿತ ತಪ್ಪಿದರೆ ಎಷ್ಟು ಮನೆಗಳ ದೀಪ ಆರುತ್ತದೆ ಎಂಬುದನ್ನು ನೆನಪಿಸಲು ಮಾತ್ರ ಹೇಳಿದೆ.

ಇನ್ನು ನನ್ನ ಅನುಭವ. ತಂಗಿಯ ತೋಟದ ಮಾವಿನ ಪೆಟ್ಟಿಗೆಗಳ ಜೊತೆಗೆ ನಾನೂ ಬಾಡಿಗೆಯ ಪಿಕಪ್ಪಿನಲ್ಲಿ ಶಿರಸಿಗೆ ಹೊರಟಿದ್ದೆ. ಚಾಲಕನ ಎದುರಿನ ಫಲಕದಲ್ಲಿ ಒಂದು ಕಡೆ ಕರಿಯ ಟೇಪಿನ ತುಂಡು ಅಂಟಿಸಿತ್ತು. ಅದರ ಅಂಚಿನಿಂದ ಹಳದಿ ಬೆಳಕು ಇಣುಕುತ್ತಿತ್ತು. ಏನಪ್ಪಾ ಇದು ಎಂದು ಕೇಳಿದೆ. “ಅದು ಎ.ಬಿ.ಎಸ್. ಲೈಟ್ ರೀ ಸರ. ಸುಮ್ಮನ ಉರೀತೈತಿ. ಬ್ರೇಕ್ ಚಲೋ ಹತ್ತತಾವು, ನೀವೇನ್ ಚಿಂತಿ ಮಾಡಬ್ಯಾಡ್ರಿ” ಎಂದ. ನಾನು ಚಿಂತೆ ಮಾಡಲಿಲ್ಲ. ಮೂರು ನಾಲ್ಕು ಮೈಲಿ ಹೋದ ಮೇಲೆ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಅವನು ಬ್ರೇಕು ತುಳಿದ, ಸ್ಟೇರಿಂಗ್ ತಿರುಗಿಸಿದ. ಗಾಡಿ ತಿರುಗಲಿಲ್ಲ. ನಿಂತ ಗಾಲಿಗಳ ಮೇಲೆ, ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ಜಾರುವ ಗುಂಡಿನಂತೆ ನೆಟ್ಟಗೆ ಜಾರಿತು. ರಸ್ತೆಯ ಅಂಚಿನ ಮೋರಿಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಹುಡುಗರು ಜಿಗಿದು ಓಡಿದರು. ಅವರು ಕುಳಿತಿದ್ದ ಜಾಗಕ್ಕೆ ಗಾಡಿಯ ಮೂತಿ ತಾಗಿ ನಿಂತಿತು. ಚಾಲಕ ಬೆವರು ಒರೆಸಿಕೊಂಡು ಅಂದ: “ಬ್ರೇಕ್ ಫೇಲಾತ್ರಿ ಸರ.”

ಅಂದು ಸಂಜೆ ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿದಾಗ ತಿಳಿದದ್ದೇನೆಂದರೆ, ಬ್ರೇಕು ಫೇಲಾಗಿರಲೇ ಇಲ್ಲ. ಅದು ತನ್ನ ಕೆಲಸವನ್ನು ಮಾಡಿತ್ತು. ಅತಿಯಾಗಿಯೇ ಮಾಡಿ ಗಾಲಿಯನ್ನು ಕಟ್ಟಿಹಾಕಿತ್ತು. ಇಲ್ಲಿ ಎ.ಬಿ.ಎಸ್. ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಉರುಳುತ್ತಿರುವ ಗಾಲಿ ನೆಲವನ್ನು ಹಿಡಿಯುತ್ತದೆ. ಉರುಳುವುದನ್ನು ಪೂರ್ತಿ ನಿಲ್ಲಿಸಿದ ಗಾಲಿ ನೆಲದ ಮೇಲೆ ಜಾರುತ್ತದೆ. ಜಾರುವ ಗಾಲಿಗೆ ದಿಕ್ಕಿನ ಅರಿವಿರುವುದಿಲ್ಲ. ನೀವು ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಅದು ಹೊರಟ ದಾರಿಯನ್ನೇ ಹಿಡಿಯುತ್ತದೆ. ಇದನ್ನು ತಪ್ಪಿಸಲು ಪ್ರತಿ ಗಾಲಿಯ ಬಳಿ ಒಂದು ಹಲ್ಲಿನ ಉಂಗುರವನ್ನೂ ಅದರ ಎದುರಿಗೆ, ಹಲ್ಲುಗಳನ್ನು ಎಣಿಸುವ ಒಂದು ಸೆನ್ಸರನ್ನೂ ಇಡುತ್ತಾರೆ. ಎಣಿಕೆ ಹಠಾತ್ತನೆ ಕುಸಿದರೆ ಗಾಲಿ ನಿಲ್ಲುವುದರಲ್ಲಿದೆ ಎಂದು ಪುಟ್ಟ ಗಣಕವೊಂದು ಗ್ರಹಿಸಿ, ಆ ಗಾಲಿಯ ಬ್ರೇಕಿನ ಒತ್ತಡವನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಹೀಗೆ ಮಾಡಬಲ್ಲುದು. ವಿಮಾನಗಳಲ್ಲಿ ಮೊದಲು ನೆಲೆಯೂರಿದ ಈ ಉಪಾಯ ೧೯೭೮ರಲ್ಲಿ ವಿದ್ಯುನ್ಮಾನ ರೂಪದಲ್ಲಿ ಜರ್ಮನಿಯ ಕಾರುಗಳಿಗೆ ಬಂದಿತು. ಅಮೆರಿಕದ ಪಿಕಪ್ಪುಗಳಲ್ಲಿ ೧೯೮೭ರ ಸುಮಾರಿಗೆ ಹಿಂದಿನ ಗಾಲಿಗಳಿಗೆ ಮಾತ್ರ ಅಳವಡಿಸಲಾಯಿತು. ನಮ್ಮ ದೇಶದಲ್ಲಿ ೨೦೧೯ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎ.ಬಿ.ಎಸ್. ಎಂಬುದು ಬ್ರೇಕಿನ ಬಲವನ್ನು ಹೆಚ್ಚಿಸುವ ಔಷಧವಲ್ಲ. ದಿಕ್ಕನ್ನು ಉಳಿಸಿಕೊಡುವ ಸಾಧನ. ಸವೆದ ಲೈನರನ್ನು ಅದು ಹೊಸದು ಮಾಡಲಾರದು. ಸಡಿಲ ಜಲ್ಲಿಯ ಮೇಲೆ ಅದು ಗಾಡಿ ನಿಲ್ಲುವ ದೂರವನ್ನು ಸ್ವಲ್ಪ ಹೆಚ್ಚಿಸುವುದೂ ಉಂಟು. ಏಕೆಂದರೆ ಅಲ್ಲಿ ಕಟ್ಟಿಕೊಂಡ ಗಾಲಿಯ ಮುಂದೆ ರಾಶಿಯಾಗುವ ಕಲ್ಲೇ ತಡೆಗೋಡೆಯಾಗುತ್ತಿತ್ತು. ಎ.ಬಿ.ಎಸ್. ಕೆಲಸಕ್ಕೆ ತೊಡಗಿದಾಗ ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬಾರದು, ಒತ್ತಿ ಹಿಡಿದು, ಹೋಗಬೇಕಾದ ಕಡೆಗೆ ಸ್ಟೇರಿಂಗ್ ತಿರುಗಿಸಬೇಕು.

ಈ ವ್ಯವಸ್ಥೆಯೆಲ್ಲ ನಿಂತಿರುವುದು ಒಂದು ಸತ್ಯವಾದ ವರದಿಯ ಮೇಲೆ. ಸೆನ್ಸರು ಸುಳ್ಳು ಹೇಳಿದರೆ? ೨೦೦೫ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಸುಮಾರು ಎಂಟು ಲಕ್ಷ ವಾಹನಗಳನ್ನು, ಮುಖ್ಯವಾಗಿ ಪಿಕಪ್ಪುಗಳನ್ನು, ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಹಿಮ ಬೀಳುವ ಪ್ರಾಂತಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ; ಆ ಉಪ್ಪಿನಿಂದ ಮುಂದಿನ ಗಾಲಿಯ ಸೆನ್ಸರಿನ ಅಡಿಯಲ್ಲಿ ತುಕ್ಕು ಬೆಳೆದು, ಸೆನ್ಸರನ್ನು ಅದರ ಸ್ಥಾನದಿಂದ ಕೂದಲೆಳೆಯಷ್ಟು ಮೇಲೆತ್ತಿತ್ತು. ಎಣಿಕೆ ತಪ್ಪಿತು. ಗಾಡಿ ನಿಧಾನವಾಗಿ ನಿಲ್ಲುವ ಹೊತ್ತಿಗೆ, ಗಾಲಿ ಕಟ್ಟಿಕೊಂಡಿತೆಂಬ ಭ್ರಮೆಯಿಂದ ಗಣಕ ಬ್ರೇಕನ್ನು ಸಡಿಲಿಸಿತು. ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋಯಿತು. ನಮ್ಮಲ್ಲಿ ಹಿಮವೂ ಇಲ್ಲ, ಉಪ್ಪೂ ಇಲ್ಲ. ಆದರೆ ನಾನು ಕುಳಿತ ಗಾಡಿಯ ಸೆನ್ಸರಿನ ಮುಂದೆ ಒಣಗಿ ಗಟ್ಟಿಯಾದ ಕೆಸರಿತ್ತು, ಅದರ ತಂತಿ ಹರಿದಿತ್ತು. ಗಣಕ ಪ್ರಾಮಾಣಿಕವಾಗಿ ತನ್ನ ಅಸಹಾಯಕತೆಯನ್ನು ಒಪ್ಪಿಕೊಂಡು ಹಳದಿ ದೀಪವನ್ನು ಹಚ್ಚಿತ್ತು. ಆ ದೀಪದ ಬಾಯಿಗೆ ನಾವು ಟೇಪು ಅಂಟಿಸಿದ್ದೆವು.

ಗ್ಯಾರೇಜಿನಲ್ಲಿ ಇನ್ನೊಂದು ಸುಳ್ಳೂ ಬಯಲಾಯಿತು. ಪಿಕಪ್ಪಿನ ಹಿಂಭಾಗ ಬರಿದಾದಾಗ ಹಗುರ, ತುಂಬಿದಾಗ ಭಾರ. ಹಗುರವಾದ ಹಿಂಗಾಲಿಗೆ ಹೆಚ್ಚು ಬ್ರೇಕು ಕೊಟ್ಟರೆ ಅದು ಕಟ್ಟಿಕೊಂಡು ಗಾಡಿ ಬುಗುರಿಯಂತೆ ತಿರುಗುತ್ತದೆ. ಆದ್ದರಿಂದ ಹಲವು ಸರಕು ಗಾಡಿಗಳಲ್ಲಿ ಹಿಂದಿನ ಅಚ್ಚಿನ ಬಳಿ ಒಂದು ವಾಲ್ವು ಇರುತ್ತದೆ. ಹೇರಿನ ಭಾರಕ್ಕೆ ಗಾಡಿಯ ಮೈ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಅದು ಹಿಂಗಾಲಿಗೆ ಬ್ರೇಕಿನ ಪಾಲನ್ನು ಹಂಚುತ್ತದೆ. ನಮ್ಮವರು ಏನು ಮಾಡುತ್ತಾರೆ? ಹೆಚ್ಚು ಹೇರಿದರೂ ಗಾಡಿ ಕುಸಿಯಬಾರದೆಂದು ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸುತ್ತಾರೆ. ಗಾಡಿ ಕುಸಿಯುವುದಿಲ್ಲ, ಆದ್ದರಿಂದ ಭಾರವಿಲ್ಲವೆಂದು ವಾಲ್ವು ನಂಬುತ್ತದೆ, ಹಿಂಗಾಲಿಗೆ ಸಲ್ಲಬೇಕಾದ ಬ್ರೇಕು ಸಲ್ಲುವುದಿಲ್ಲ. ತೂಕದ ಕಲ್ಲನ್ನೇ ತಿದ್ದಿದ ಮೇಲೆ ತಕ್ಕಡಿಯನ್ನು ದೂರಿ ಏನು ಫಲ?

ಹಾಗಾದರೆ ಬ್ರೇಕು ನಿಜವಾಗಿ ಕೈಕೊಡುವುದೇ ಇಲ್ಲವೆ? ಕೊಡುತ್ತದೆ; ಆದರೆ ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ. ಓಡುವ ಗಾಡಿಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು ಬ್ರೇಕಿನ ಕೆಲಸ. ಮೂರು ಟನ್ ತೂಗುವ ಗಾಡಿ ಮುನ್ನೂರು ಮೀಟರ್ ಎತ್ತರದ ಘಟ್ಟವನ್ನು ಬ್ರೇಕಿನ ಮೇಲೆಯೇ ಇಳಿದರೆ ಹುಟ್ಟುವ ಶಾಖ ಸುಮಾರು ೩೦ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಈ ಶಾಖಕ್ಕೆ ಮೊದಲು ಲೈನರು ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಆ ಮೇಲೆ ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ ಆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ದ್ರವ. ‘ಡಾಟ್ ೩’ ಎಂಬ ದರ್ಜೆಯ ಹೊಸ ದ್ರವ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿದರೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಡವನ್ನು ಗಾಲಿಗೆ ಮುಟ್ಟಿಸುತ್ತದೆ. ಆವಿ ತಾನೇ ಕುಗ್ಗಿಬಿಡುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸಿ ಎನ್ನುವುದರ ಮರ್ಮ ಇದೇ.

ಡೀಸೆಲ್ ಉಳಿಸಲೆಂದು ಘಟ್ಟದಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಸುವವರಿದ್ದಾರೆ. ಎಂಜಿನನ್ನೇ ಆರಿಸುವವರೂ ಇದ್ದಾರೆ. ಎಂಜಿನ್ ನಿಂತರೆ ಎರಡು ಮೂರು ಸಲ ತುಳಿದ ಬಳಿಕ ಬ್ರೇಕಿಗೆ ಅದರ ನೆರವು ತಪ್ಪಿ, ಪೆಡಲು ಕಲ್ಲಿನಂತಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ವೇಗದ ಲೆಕ್ಕವನ್ನೂ ನೆನಪಿಡಬೇಕು. ೬೦ ಕಿಲೋಮೀಟರ್ ವೇಗದಲ್ಲಿ, ಅಪಾಯ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ೧೭ ಮೀಟರ್ ಸಾಗಿರುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿಗೂ ಇನ್ನು ೨೩ ಮೀಟರ್ ಬೇಕು. ಒಟ್ಟು ೪೦. ವೇಗ ೮೦ ಆದರೆ ಈ ಒಟ್ಟು ೬೩ಕ್ಕೆ ಏರುತ್ತದೆ. ಮಳೆಗೆ, ಹೇರಿಗೆ ಬೇರೆ ಲೆಕ್ಕ.

ದೀಪಗಳ ಭಾಷೆಯೂ ಸರಳವಾದುದೇ. ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಹಳದಿ ದೀಪವೊಂದೇ ಆರದೆ ಉಳಿದರೆ ಸಾಮಾನ್ಯ ಬ್ರೇಕು ಇದೆ, ಎ.ಬಿ.ಎಸ್. ಇಲ್ಲ ಎಂದರ್ಥ, ನಿಧಾನವಾಗಿ ಹೋಗಿ ಬೇಗ ತೋರಿಸಬೇಕು. ಕೆಂಪು ದೀಪ ಹ್ಯಾಂಡ್ ಬ್ರೇಕು ಬಿಟ್ಟ ಮೇಲೂ ಉರಿಯುತ್ತಿದ್ದರೆ ದ್ರವ ಸೋರಿರಬಹುದು. ಎರಡೂ ಒಟ್ಟಿಗೆ ಉರಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದು ವಿವೇಕ.

ಇನ್ನು ನಾನು ತೊಡಗಿದ ವ್ಯಾಕರಣಕ್ಕೆ ಮರಳುತ್ತೇನೆ. ಕಾನೂನು ಈ ವಾಕ್ಯವನ್ನು ಬಹಳ ಹಿಂದೆಯೇ ಅನ್ವಯಿಸಿ ನೋಡಿದೆ. ಇಂಗ್ಲೆಂಡಿನಲ್ಲಿ ಇಳಿಜಾರಿನಲ್ಲಿ ಬ್ರೇಕಿನ ಕೊಳವೆ ತುಕ್ಕು ತಿಂದು ಒಡೆದು, ಲಾರಿಯೊಂದು ಮನುಷ್ಯನನ್ನು ಕೊಂದಿತು. ತುಕ್ಕು ಕಾಣದ ಮೂಲೆಯಲ್ಲಿತ್ತೆಂದು ಮಾಲೀಕರು ವಾದಿಸಿದರು. ಅಷ್ಟೇ ಹೇಳಿದರೆ ಸಾಲದು, ತಕ್ಕ ಎಚ್ಚರ ವಹಿಸಿದ್ದೆವೆಂಬುದನ್ನು ಅವರೇ ತೋರಿಸಬೇಕೆಂದು ೧೯೬೯ರಲ್ಲಿ ಅಲ್ಲಿನ ಅತ್ಯುಚ್ಚ ಪೀಠ ತೀರ್ಮಾನಿಸಿತು. ೧೯೭೭ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅದೇ ದಾರಿಯನ್ನು ಹಿಡಿದು, ಯಂತ್ರದೋಷವೆಂಬ ಸಮರ್ಥನೆಯನ್ನು ರುಜುವಾತುಪಡಿಸುವ ಹೊಣೆ ವಾಹನದ ಒಡೆಯನದೆಂದು ಹೇಳಿತು. ಎಂದರೆ, ‘ಬ್ರೇಕು ಫೇಲಾಯಿತು’ ಎಂಬಲ್ಲಿಗೆ ವಾಕ್ಯ ಮುಗಿಯುವುದಿಲ್ಲ. ಅದರ ಮುಂದೆ ‘ಏಕೆ?’ ಎಂಬ ಪ್ರಶ್ನೆ ಇದೆ.

ಅಂದು ಆ ಚಾಲಕನಿಗೆ ನಾನು ಉಪದೇಶ ಮಾಡಲು ಬಾಯಿ ತೆರೆದೆ. ಅವನು ತಲೆ ತಗ್ಗಿಸಿ ಹೇಳಿದ: “ರಿಪೇರಿಗೆ ಬಿಟ್ರ ಎರಡ ದಿನದ ಬಾಡಿಗಿ ಹೊಕ್ಕೈತಿ ರೀ ಸರ. ಪಟ್ಟಿ ಹಾಕ್ಸಿದ್ದೂ ಮಂದಿ ಹೆಚ್ಚಿಗಿ ಹೇರ್ರಿ ಅಂತಾರ ಅಂತ.” ನಾನು ಸುಮ್ಮನಾದೆ. ಬೆಳಿಗ್ಗೆ ತೋಟದಲ್ಲಿ ಗಾಡಿ ತುಂಬಿದ ಮೇಲೂ, “ಇನ್ನು ಹತ್ತು ಪೆಟ್ಟಿಗೆ ಹಿಡಿಸುತ್ತವೆ, ಎರಡನೆಯ ಬಾಡಿಗೆ ಏಕೆ?” ಎಂದವನು ನಾನೇ. ಟೇಪು ಅಂಟಿಸಿದ ದೀಪವನ್ನು ಕಣ್ಣಾರೆ ಕಂಡು, ಸುಮ್ಮನೆ ಕುಳಿತವನೂ ನಾನೇ.

ಆ ಇಬ್ಬರು ಹುಡುಗರು ಓಡಲು ಅರೆಕ್ಷಣ ತಡಮಾಡಿದ್ದರೆ ಮರುದಿನದ ಪತ್ರಿಕೆಯಲ್ಲಿ ಅದೇ ಹಳೆಯ ವಾಕ್ಯ ಅಚ್ಚಾಗುತ್ತಿತ್ತು. ನಾನೂ ಅದನ್ನು ಓದಿ ನಿಟ್ಟುಸಿರು ಬಿಡುತ್ತಿದ್ದೆ. ಅದರ ಕರ್ತೃಸ್ಥಾನದಲ್ಲಿ ನನ್ನ ಹೆಸರು ಮಾತ್ರ ಇರುತ್ತಿರಲಿಲ್ಲ.